ಟಿವಿ ಕಪ್ಪಗಾಯ್ತು ಅಂದ್ರೆ ಗ್ರಾಫಿಕ್ಸ್ ಕಾರ್ಡ್ ಹೋಯ್ತು ಅಂತಲ್ಲ

ಪ್ರಶ್ನೆ: ಸರ್ ನಮಸ್ಕಾರ. ನಾನು ಬೆಂಗಳೂರಲ್ಲಿ ಕೆಲ್ಸ ಮಾಡ್ತೀನಿ, ಅಪ್ಪ ಅಮ್ಮ ಮಂಡ್ಯ ವಿದ್ಯಾನಗರದಲ್ಲಿದ್ದಾರೆ. 2018ರಲ್ಲಿ ತಗೊಂಡಿದ್ದ ಡೆಸ್ಕ್‌ಟಾಪಿಗೆ (ಐ3 7100, 8 ಜಿಬಿ ರ್‍ಯಾಮ್, ಎನ್ವಿಡಿಯಾ ಜಿಟಿ 710 ಕಾರ್ಡ್) ಲಿನಕ್ಸ್ ಮಿಂಟ್ (ವಿಂಡೋಸ್ ಬದ್ಲು ಹಾಕೋ ಆಪರೇಟಿಂಗ್ ಸಿಸ್ಟಮ್) ಹಾಕಿ ಟಿವಿಗೆ ಕನೆಕ್ಟ್ ಮಾಡಿಕೊಟ್ಟಿದೀನಿ. ಆನ್ ಮಾಡಿದ್ರೆ ಪಾಸ್‌ವರ್ಡ್ ಕೇಳ್ದೆ ಸೀದಾ ಕೋಡಿ (ಹಾಡು, ವಿಡಿಯೋ ತೋರಿಸೋ ಪ್ರೋಗ್ರಾಮ್) ಓಪನ್ ಆಗುತ್ತೆ, ಅಪ್ಪ ಹಳೇ ಹಾಡು, ಮದುವೆ ವಿಡಿಯೋ, ಫೈರ್‌ಫಾಕ್ಸಲ್ಲಿ ಯೂಟ್ಯೂಬ್ ನೋಡ್ಕೊಂಡು ಆರಾಮಾಗಿದ್ರು. ಹೋದ ವಾರ ಅಪ್‌ಡೇಟ್ ಕೇಳ್ತು ಅಂತ ಇನ್‌ಸ್ಟಾಲ್ ಒತ್ತಿದಾರೆ, ಮಧ್ಯದಲ್ಲಿ ಕರೆಂಟ್ ಹೋಗಿದೆ, ಯುಪಿಎಸ್ ಇಲ್ಲ. ಅವತ್ತಿಂದ ಆನ್ ಮಾಡಿದ್ರೆ ಕಂಪನಿ ಲೋಗೋ ಬರುತ್ತೆ, ಮಿಂಟ್ ಲೋಗೋನೂ ಬರುತ್ತೆ, ಆಮೇಲೆ ಕಪ್ಪು ಸ್ಕ್ರೀನು, ಮೇಲ್ಗಡೆ ಮೂಲೇಲಿ ಒಂದು ಸಣ್ಣ ಗೀಟು ಮಿಟುಕ್ತಾ ಇರುತ್ತೆ ಅಷ್ಟೆ. ಅಂಗಡಿಗೆ ಎತ್ಕೊಂಡು ಹೋದ್ರೆ ಕಾರ್ಡ್ ಸುಟ್ಟೋಗಿದೆ, ಹೊಸ ಕಾರ್ಡ್ ಹಾಕಿ ವಿಂಡೋಸ್ ಮಾಡ್ಕೊಡ್ತೀವಿ ಅಂದ್ರಂತೆ. ಫ್ರೆಂಡ್ ಒಬ್ಬ ಬೂಟ್ ಆಗೋವಾಗ ನೋಮೋಡ್‌ಸೆಟ್ ಅನ್ನೋ ಆಪ್ಷನ್ ಹಾಕು ಸರಿಹೋಗುತ್ತೆ ಅಂತಾನೆ, ಇನ್ನೊಬ್ಬ ಎನ್ವಿಡಿಯಾಗೂ ಲಿನಕ್ಸ್‌ಗೂ ಎಣ್ಣೆ ಸೀಗೆಕಾಯಿ ಅಂತಾನೆ. ನಿಜವಾಗ್ಲೂ ಕಾರ್ಡ್ ಹೋಗಿದೆಯಾ? ಫಾರ್ಮ್ಯಾಟ್ ಮಾಡಿದ್ರೆ ಅಕ್ಕನ ಮದುವೆ ವಿಡಿಯೋ ಹೋಗುತ್ತಾ? ಇನ್ನೊಂದು, ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ವೋ ಗೊತ್ತಿಲ್ಲ, ಸುಮಾರು ದಿನದಿಂದ ಆನ್ ಮಾಡಿದ ತಕ್ಷಣ ಎಫ್1 ಒತ್ತಿ ಅಂತ ಕೇಳುತ್ತೆ, ಅಪ್ಪ ಒತ್ಕೊಂಡು ಮುಂದೆ ಹೋಗ್ತಿದ್ರು. ಹೊಸ ಫೋನಲ್ಲಿ ತೆಗೆದ ವಿಡಿಯೋಗಳೂ ಮೊದಲಿಂದ್ಲೂ ತಡವರಿಸಿ ತಡವರಿಸಿ ಓಡ್ತಿದ್ವು.

ಉತ್ತರ: ಮೊದಲು ಅಪ್ಪನಿಗೆ ಒಂದು ಫೋನ್ ಮಾಡಿ ಯಾರಿಗೂ ಫಾರ್ಮ್ಯಾಟ್ ಮಾಡೋಕೆ ಕೊಡ್ಬೇಡಿ ಅಂತ ಹೇಳ್ಬಿಡಿ, ಮಿಕ್ಕಿದ್ದು ಆಮೇಲೆ ನೋಡೋಣ. ಮದುವೆ ವಿಡಿಯೋಗೆ ಈಗ ಏನೂ ಆಗಿಲ್ಲ. ಡ್ರೈವರ್ (ಕಾರ್ಡನ್ನ ನಡೆಸೋ ಸಾಫ್ಟ್‌ವೇರ್) ಲೋಡ್ ಆಗ್ಲಿಲ್ಲ ಅಂದ್ರೆ ಡಿಸ್ಕಲ್ಲಿರೋ ಫೈಲ್ ಅಳಿಸಿಹೋಗಲ್ಲ. ಅದು ಅಳಿಸಿಹೋಗೋದು ಅವಸರಕ್ಕೆ ಬಿದ್ದು ಫಾರ್ಮ್ಯಾಟ್ ಮಾಡಿದಾಗ್ಲೇ.

ಇನ್ನು ಕಾರ್ಡ್ ಸುಟ್ಟೋಗಿದೆ ಅನ್ನೋ ಮಾತು. ನಿಮ್ಮ ಪತ್ರದಲ್ಲೇ ಇದಕ್ಕೆ ಉತ್ತರ ಇದೆ ನೋಡಿ: ಕಂಪನಿ ಲೋಗೋ ಬರುತ್ತೆ, ಮಿಂಟ್ ಲೋಗೋ ಬರುತ್ತೆ ಅಂದಿದೀರಲ್ಲ, ಆ ಲೋಗೋನ ಟಿವಿಗೆ ಕಳಿಸ್ತಿರೋದು ಅದೇ ಕಾರ್ಡೇ. ಕೇಬಲ್ಲೂ ಸರಿಯಿದೆ, ಟಿವಿ ಪೋರ್ಟೂ ಸರಿಯಿದೆ. ಕಾರ್ಡ್ ಸಾಯೋ ಹಂತಕ್ಕೆ ಬಂದಿದ್ರೆ ಸಾಮಾನ್ಯವಾಗಿ ಲೋಗೋ ಮೇಲೇನೇ ಬಣ್ಣಬಣ್ಣದ ಗೆರೆ, ಚೌಕ ಚೌಕ ಕಾಣುತ್ತೆ, ಇಲ್ಲಾ ಆನ್ ಮಾಡ್ತಿದ್ದಂಗೆ ಬೀಪ್ ಬೀಪ್ ಅಂತ ಕೂಗ್ಕೊಂಡು ಏನೂ ತೋರಿಸ್ದೆ ನಿಂತುಬಿಡುತ್ತೆ. ಲೋಡ್ ಬಿದ್ದಾಗ ಮಾತ್ರ ಕೈಕೊಡೋ ಕಾರ್ಡೂ ಇರ್ತವೆ, ಇಲ್ಲ ಅನ್ನಲ್ಲ, ಆದ್ರೆ ಅಪ್‌ಡೇಟ್ ಆದ ದಿನಾನೇ, ಅದೇ ಜಾಗದಲ್ಲಿ, ಪ್ರತಿ ಸಲ ನಿಲ್ಲೋದು ಸಾಫ್ಟ್‌ವೇರ್ ಲಕ್ಷಣ. ಅಂಗಡಿಯವರನ್ನ ಬೈಯೋಕೆ ಹೇಳ್ತಿಲ್ಲ, ಲಿನಕ್ಸ್ ಮಿಷಿನ್ ಅವರ ಹತ್ರ ಬರೋದೇ ಅಪರೂಪ, ಗೊತ್ತಿರೋ ದಾರಿ ಹೇಳಿದಾರೆ. ಆದ್ರೆ ವಿಂಡೋಸ್ ಸಲಹೆ ನಿಮ್ಮ ಮಿಷಿನ್ನಿಗೆ ಕೂಡಿಬರಲ್ಲ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ ಅಕ್ಟೋಬರ್ 2025ಕ್ಕೆ ಮುಗೀತು, ವಿಂಡೋಸ್ 11 ಅಧಿಕೃತವಾಗಿ ಇಂಟೆಲ್ 8ನೇ ಜನರೇಷನ್ನಿಂದ ಮೇಲಕ್ಕೆ, ನಿಮ್ಮದು 7ನೇದು.

ಎಣ್ಣೆ ಸೀಗೆಕಾಯಿ ವಿಷಯ ಅರ್ಧ ನಿಜ. 2012ರಲ್ಲಿ ಫಿನ್ಲೆಂಡಿನ ಆಲ್ಟೊ ಯೂನಿವರ್ಸಿಟೀಲಿ ಲಿನಕ್ಸ್ ಶುರು ಮಾಡಿದ ಲೀನಸ್ ಟೋರ್ವಾಲ್ಡ್ಸ್ ಕ್ಯಾಮೆರಾ ಮುಂದೇನೇ ಎನ್ವಿಡಿಯಾಗೆ ಮಧ್ಯದ ಬೆರಳು ತೋರಿಸಿದ್ರು, ಆ ವಿಡಿಯೋ ನೋಡಿದವರೆಲ್ಲ ಇವತ್ತಿಗೂ ಅದೇ ಮಾತು ಹೇಳ್ತಾರೆ. 2022ರಲ್ಲಿ ಎನ್ವಿಡಿಯಾ ತನ್ನ ಕರ್ನಲ್ ಮಾಡ್ಯೂಲಿನ (ಲಿನಕ್ಸಿನ ತಿರುಳಾದ ಕರ್ನಲ್ಲಿಗೆ ಸೇರ್ಕೊಳ್ಳೋ ಡ್ರೈವರ್ ಭಾಗ) ಕೋಡನ್ನ ಎಲ್ರಿಗೂ ಓಪನ್ ಮಾಡ್ತು, ಆದ್ರೆ ಅದು ಟ್ಯೂರಿಂಗ್ ಅನ್ನೋ ಕುಟುಂಬ ಮತ್ತು ಅದಕ್ಕಿಂತ ಹೊಸ ಕಾರ್ಡುಗಳಿಗೆ ಮಾತ್ರ. ನಿಮ್ಮ ಜಿಟಿ 710 ಕೆಪ್ಲರ್ ಅನ್ನೋ ಕುಟುಂಬದ್ದು, ಆ ಕುಟುಂಬ ಬಂದಿದ್ದೇ 2012ರಲ್ಲಿ. ಅದಕ್ಕೆ ನಡೆಯೋ ಕೊನೇ ಡ್ರೈವರ್ 470 ಸರಣಿ, ಅದರ ಬಿಡುಗಡೆಗಳೂ 2024ಕ್ಕೆ ನಿಂತೋದ್ವು. ಅಂದ್ರೆ ಕರ್ನಲ್ ವರ್ಷವರ್ಷ ಮುಂದಕ್ಕೆ ಹೋಗ್ತಾ ಇರುತ್ತೆ, ಡ್ರೈವರ್ ನಿಂತಲ್ಲೇ ನಿಂತಿರುತ್ತೆ. ನಿಮ್ಮನೇಲಿ ಆಗಿರೋ ಗಲಾಟೆಯ ಬೇರು ಇದೇ.

ಒಳಗಡೆ ಏನು ನಡೆಯುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಆಗ ಫೋನಲ್ಲಿ ಅಪ್ಪನಿಗೆ ಹೇಳಿ ಮಾಡಿಸೋಕೂ ಸುಲಭ. ಪವರ್ ಬಟನ್ ಒತ್ತಿದಾಗ ಮೊದಲು ಚಿತ್ರ ತೋರಿಸೋದು ಬಯೋಸು (ಮದರ್‌ಬೋರ್ಡಲ್ಲೇ ಇರೋ ಪ್ರೋಗ್ರಾಮ್), ಅದಕ್ಕೆ ಎನ್ವಿಡಿಯಾ ಡ್ರೈವರ್ ಬೇಕಾಗಿಲ್ಲ. ಆಮೇಲೆ ಗ್ರಬ್, ಅದು ಕರ್ನಲ್ಲನ್ನ ಎಬ್ಬಿಸುತ್ತೆ. ಇಲ್ಲೀತನಕ ನಿಮ್ಮದು ಸರಿಯಾಗೇ ನಡೀತಿದೆ, ಕರ್ನಲ್ಲೇ ಅರ್ಧಂಬರ್ಧ ಇನ್‌ಸ್ಟಾಲ್ ಆಗಿದ್ರೆ ಮಿಂಟ್ ಲೋಗೋ ದಾಟ್ತಾನೇ ಇರ್ಲಿಲ್ಲ, ಕರ್ನಲ್ ಪ್ಯಾನಿಕ್ ಅಂತ ಬೈದು ನಿಲ್ಲೋದು. ಅದಾದ್ಮೇಲೆ ಕರ್ನಲ್ಲು ಗ್ರಾಫಿಕ್ಸ್ ಡ್ರೈವರನ್ನ ಕರೆಯುತ್ತೆ, ಡ್ರೈವರ್ ಬಂದು ಟಿವಿಯ ಸೈಜು ಕೇಳ್ಕೊಂಡು ಸ್ಕ್ರೀನನ್ನ ತನ್ನ ಕೈಗೆ ತಗೊಳ್ಳುತ್ತೆ, ಆಮೇಲೇ ಡೆಸ್ಕ್‌ಟಾಪು, ಕೋಡಿ ಎಲ್ಲಾ. ನಿಮ್ಮದು ನಿಲ್ತಿರೋದು ಸ್ಕ್ರೀನ್ ಕೈ ಬದಲಾಗೋ ಈ ಜಾಗದಲ್ಲಿ. ಎನ್ವಿಡಿಯಾ 470 ಡ್ರೈವರ್ ಕರ್ನಲ್ ಜೊತೇಲಿ ರೆಡಿಯಾಗಿ ಬರಲ್ಲ, ಹೊಸ ಕರ್ನಲ್ ಬಂದಾಗಲೆಲ್ಲ ಅದಕ್ಕೆ ತಕ್ಕ ಹಾಗೆ ನಿಮ್ಮ ಮಿಷಿನ್ನಲ್ಲೇ ಮತ್ತೆ ಕಂಪೈಲ್ ಆಗ್ಬೇಕು, ಅಂದ್ರೆ ಕೋಡಿಂದ ಹೊಸದಾಗಿ ತಯಾರಾಗ್ಬೇಕು, ಆ ಕೆಲಸ ಮಾಡೋನು ಡಿಕೆಎಂಎಸ್. ಆತನಿಗೆ ಹೆಡರ್ಸ್ ಅನ್ನೋ ಪ್ಯಾಕೇಜ್ ಬೇಕು, ಡಿಸ್ಕಲ್ಲಿ ಜಾಗ ಬೇಕು, ಕೆಲಸ ಮುಗಿಯೋವರೆಗೂ ಕರೆಂಟ್ ಇರ್ಬೇಕು. ಇದ್ರಲ್ಲಿ ಒಂದು ತಪ್ಪಿದ್ರೂ ಹೊಸ ಕರ್ನಲ್ ಇರುತ್ತೆ, ಅದಕ್ಕೆ ಡ್ರೈವರ್ ಇರಲ್ಲ. ಎನ್ವಿಡಿಯಾ ಹಾಕಿದಾಗ ನೂವೋ ಅನ್ನೋ ಓಪನ್ ಡ್ರೈವರನ್ನೂ ಬ್ಲಾಕ್ ಮಾಡಿಬಿಟ್ಟಿರುತ್ತೆ, ಹಾಗಾಗಿ ಇವನೂ ಇಲ್ಲ ಅವನೂ ಇಲ್ಲ, ಗೀಟು ಮಿಟುಕ್ತಾ ಕೂರುತ್ತೆ.

ಮೊದಲ ಪರೀಕ್ಷೆ ಹಳೇ ಕರ್ನಲ್ಲು. ಮಿಂಟ್ ಹಳೇದನ್ನ ತಕ್ಷಣ ಅಳಿಸಲ್ಲ. ಆನ್ ಮಾಡಿ ಕಂಪನಿ ಲೋಗೋ ಹೋಗ್ತಿದ್ದಂಗೆ ಎಸ್ಕೇಪ್ ಒಂದೇ ಒಂದು ಸಲ ಒತ್ತಕ್ಕೆ ಹೇಳಿ, ಹಳೇ ಥರದ ಬೂಟ್ ಆದ್ರೆ ಶಿಫ್ಟ್ ಹಿಡ್ಕೊಂಡಿರ್ಬೇಕು. ಎಸ್ಕೇಪನ್ನ ಟಕಟಕ ಒತ್ತಿದ್ರೆ ಗ್ರಬ್ ಅಂತ ಬರೆದಿರೋ ಖಾಲಿ ಸ್ಕ್ರೀನ್ ಬರುತ್ತೆ, ಗಾಬರಿ ಬೇಡ, ರೀಬೂಟ್ ಅಂತ ಟೈಪ್ ಮಾಡಿ ಎಂಟರ್ ಹೊಡೆದು ಮತ್ತೆ ಶುರು ಮಾಡ್ಲಿ. ಮೆನು ಬಂದಾಗ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹೋಗಿ ಎರಡನೇ ಕರ್ನಲ್ ನಂಬರ್ ಆರಿಸ್ಲಿ, ರಿಕವರಿ ಅಂತ ಬರೆದಿರೋದು ಬೇಡ. ಕೋಡಿ ಬಂತು ಅಂದ್ರೆ ಸಮಸ್ಯೆ ಕರ್ನಲ್-ಡ್ರೈವರ್ ಜೋಡಿದೇ ಅಂತ ಖಾತ್ರಿ, ಅವತ್ತಿಗೆ ಅಪ್ಪನ ಹಾಡಿಗೂ ತೊಂದ್ರೆ ಇಲ್ಲ.

ಹಳೇ ಕರ್ನಲ್ಲಲ್ಲೂ ಬರ್ಲಿಲ್ಲ ಅಂದ್ರೆ? ಆಗ ನೀವು ಸಂಬಂಧ ಇದೆಯೋ ಇಲ್ವೋ ಅಂತ ಬರೆದ್ರಲ್ಲ ಎಫ್1 ವಿಷಯ, ಅದೇ ಮುಖ್ಯವಾಗುತ್ತೆ. ಪತ್ರ ಓದ್ತಾ ನಾನು ನಿಂತಿದ್ದೇ ಅಲ್ಲಿ. ಪ್ರತಿ ಸಲ ಎಫ್1 ಒತ್ತಿ ಅಂತ ಕೇಳೋದು ಬಹುಪಾಲು ಮದರ್‌ಬೋರ್ಡಿನ ಸೀಮಾಸ್ ಬ್ಯಾಟರಿ ಮುಗಿದಾಗ, ಸಿಆರ್2032 ಅಂತ ನಾಣ್ಯದ ಥರದ ಸೆಲ್ಲು, ವಾಚ್ ಅಂಗಡೀಲೂ ಸಿಗುತ್ತೆ. 2018ರ ಮಿಷಿನ್ನಿಗೆ ಅದರ ಆಯಸ್ಸು ಮುಗಿದಿರೋದು ಸಹಜ. ಬ್ಯಾಟರಿ ಇಲ್ದೆ ಕರೆಂಟ್ ಪೂರ್ತಿ ಹೋದಾಗಲೆಲ್ಲ ಬಯೋಸ್ ತನ್ನ ಸೆಟಿಂಗ್ಸ್ ಮರೆತು ಮೊದಲಿನ ಸ್ಥಿತಿಗೆ ಹೋಗುತ್ತೆ. ಕೆಲವು ಬೋರ್ಡಲ್ಲಿ ಮೊದಲಿನ ಸ್ಥಿತಿ ಅಂದ್ರೆ ಸೆಕ್ಯೂರ್ ಬೂಟ್ ಆನ್. ಸೆಕ್ಯೂರ್ ಬೂಟ್ ಆನ್ ಇದ್ರೆ ಸಹಿ ಇಲ್ಲದ ಮಾಡ್ಯೂಲನ್ನ ಕರ್ನಲ್ ಒಳಗೆ ಬಿಡಲ್ಲ, ನಿಮ್ಮ ಮಿಷಿನ್ನಲ್ಲೇ ಕಂಪೈಲ್ ಆದ ಎನ್ವಿಡಿಯಾ ಮಾಡ್ಯೂಲಿನ ಕೀ ಬಯೋಸಿಗೆ ಗೊತ್ತಿಲ್ದೇ ಇದ್ರೆ ಹೊರಗೇ ನಿಲ್ಲಿಸುತ್ತೆ. ಮೈಸೂರು ಸುತ್ತಮುತ್ತ ಮನೆಗಳಲ್ಲಿ ಹಳೇ ಡೆಸ್ಕ್‌ಟಾಪ್ ರಿಪೇರಿಗೆ ಹೋದಾಗ ನಾನು ಡ್ರೈವರ್ ನೋಡೋಕೂ ಮುಂಚೆ ಬಯೋಸಲ್ಲಿ ತಾರೀಕು ನೋಡ್ತೀನಿ. ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ರೆ ಮೊದಲು ಸೆಲ್ ಬದಲಾಯಿಸಿಯೇ ಮುಂದಿನ ಮಾತು, ಯಾಕಂದ್ರೆ ತಾರೀಕು ತಪ್ಪಿದ್ರೆ ಅಪ್‌ಡೇಟ್ ಸರ್ವರ್‌ಗಳೂ ತಕರಾರು ಮಾಡ್ತವೆ.

ಈ ಎರಡರಲ್ಲಿ ಯಾವುದು ಅಂತ ಊಹೆ ಮಾಡ್ಕೊಂಡು ಕೂರೋದು ಬೇಡ, ಒಂದು ಕಮಾಂಡ್ ಸಾಕು. ಕಪ್ಪು ಸ್ಕ್ರೀನ್ ಇರುವಾಗ್ಲೇ ಕಂಟ್ರೋಲ್, ಆಲ್ಟ್, ಎಫ್3 ಮೂರೂ ಒಟ್ಟಿಗೆ ಒತ್ತಿದ್ರೆ ಅಕ್ಷರದ ಲಾಗಿನ್ ಬರುತ್ತೆ. ಯೂಸರ್ ಹೆಸರು, ಆಮೇಲೆ ಪಾಸ್‌ವರ್ಡ್. ಪಾಸ್‌ವರ್ಡ್ ಹೊಡೀತಿರುವಾಗ ಸ್ಕ್ರೀನ್ ಮೇಲೆ ಚುಕ್ಕಿ ಕೂಡ ಬರಲ್ಲ, ಕೀಬೋರ್ಡ್ ಕೆಟ್ಟಿದೆ ಅಂತ ಅಪ್ಪ ಅಲ್ಲೇ ಬಿಟ್ಟುಬಿಡ್ತಾರೆ, ಮುಂಚೇನೇ ಹೇಳಿಡಿ. ಒಳಗೆ ಹೋದ್ಮೇಲೆ ಸುಡೋ ಮಾಡ್‌ಪ್ರೋಬ್ ಎನ್ವಿಡಿಯಾ ಅಂತ ಹೊಡೀಬೇಕು (ನಾನು ಉಚ್ಚಾರಣೆ ಬರೀತಿದೀನಿ, ಟೈಪ್ ಮಾಡೋದು ಇಂಗ್ಲಿಷಲ್ಲೇ, ಎಲ್ಲಾ ಸಣ್ಣಕ್ಷರ). ಅದು ಏನು ಹೇಳುತ್ತೆ ಅನ್ನೋದನ್ನ ಫೋಟೋ ತೆಗೆದು ನಿಮಗೆ ಕಳಿಸ್ಲಿ.

ಮಾಡ್ಯೂಲ್ ಎನ್ವಿಡಿಯಾ ನಾಟ್ ಫೌಂಡ್ ಅಂದ್ರೆ ಈ ಕರ್ನಲ್ಲಿಗೆ ಡ್ರೈವರ್ ಕಂಪೈಲೇ ಆಗಿಲ್ಲ, ಅಂದ್ರೆ ಅಪ್‌ಡೇಟ್ ಮಧ್ಯೆ ಕರೆಂಟ್ ಹೋಗಿದ್ದರ ಫಲ. ಕೀ ವಾಸ್ ರಿಜೆಕ್ಟೆಡ್ ಬೈ ಸರ್ವೀಸ್ ಅಂದ್ರೆ ಸೆಕ್ಯೂರ್ ಬೂಟ್, ಅಂದ್ರೆ ಬ್ಯಾಟರಿ ಕಥೆ. ನೋ ಸಚ್ ಡಿವೈಸ್ ಅಂದ್ರೆ ಡ್ರೈವರ್ ಇದೆ ಆದ್ರೆ ಅದಕ್ಕೆ ನಿಮ್ಮ ಕಾರ್ಡ್ ಕಾಣ್ತಿಲ್ಲ, ಯಾರೋ 470 ಬದ್ಲು ಇನ್ನೂ ಹೊಸ ಸರಣಿ ಹಾಕಿರ್ಬೋದು, ಇಲ್ಲಾ ಈ ಒಂದು ಸಂದರ್ಭದಲ್ಲಿ ಮಾತ್ರ ಕಾರ್ಡ್ ಬಗ್ಗೆ, ಅದು ಸ್ಲಾಟಲ್ಲಿ ಸರಿಯಾಗಿ ಕೂತಿದೆಯಾ ಅನ್ನೋದ್ರ ಬಗ್ಗೆ ಅನುಮಾನ ಪಡಿ. ಏನೂ ಹೇಳ್ದೆ ಸುಮ್ನೆ ಮುಂದಿನ ಸಾಲಿಗೆ ಬಂತು ಅಂದ್ರೆ ಡ್ರೈವರ್ ಲೋಡ್ ಆಗಿದೆ, ತಪ್ಪು ಬೇರೆ ಕಡೆ ಹುಡುಕ್ಬೇಕು.

ಆ ಬೇರೆ ಕಡೆ ಅಂದ್ರೆ ಹೆಚ್ಚಾಗಿ ಟಿವಿ. ಡ್ರೈವರ್ ಶುರುವಾಗೋ ಹೊತ್ತಿಗೆ ಎಚ್‌ಡಿಎಂಐ ಮೂಲಕ ಟಿವಿ ಹತ್ರ ನಿನ್ನ ರೆಸಲ್ಯೂಷನ್ ಏನು ಅಂತ ಕೇಳುತ್ತೆ, ಆ ಉತ್ತರಕ್ಕೆ ಇಡಿಐಡಿ ಅಂತಾರೆ. ಟಿವಿ ಆಫ್ ಇದ್ರೆ ಕೆಲವು ಮಾಡೆಲ್ ಉತ್ತರ ಕೊಡಲ್ಲ, ಡ್ರೈವರ್ ಯಾವ ಸ್ಕ್ರೀನೂ ಇಲ್ಲ ಅಂದ್ಕೊಂಡು ಕೂರುತ್ತೆ. ಟಿವಿ ಮೊದಲು ಆನ್ ಮಾಡಿ, ಸರಿಯಾದ ಇನ್‌ಪುಟ್ಟಿಗೆ ಇಟ್ಟು, ಆಮೇಲೆ ಕಂಪ್ಯೂಟರ್ ಆನ್ ಮಾಡಿ ನೋಡ್ಲಿ. ನಿಮ್ಮ ಕೇಸಲ್ಲಿ ಲೋಗೋ ಕಾಣ್ತಿರೋದ್ರಿಂದ ಇದು ಕಡಿಮೆ ಸಾಧ್ಯತೆ.

ನೋಮೋಡ್‌ಸೆಟ್ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಯಾಕಂದ್ರೆ ಇದನ್ನ ಔಷಧಿ ಅಂತ ಹಂಚೋರು ಜಾಸ್ತಿ. ಅದು ಸ್ಟೆಪ್ನಿ ಟೈರ್ ಇದ್ದಂಗೆ, ಪಂಕ್ಚರ್ ಅಂಗಡಿವರೆಗೂ ಹೋಗೋಕೆ. ಗ್ರಬ್ ಮೆನುನಲ್ಲಿ ಇ ಒತ್ತಿ, ಲಿನಕ್ಸ್ ಅಂತ ಶುರುವಾಗೋ ಸಾಲಿನ ಕೊನೇಲಿ ಕ್ವೈಟ್ ಸ್ಪ್ಲಾಷ್ ಆದ್ಮೇಲೆ ಅದನ್ನ ಸೇರಿಸಿ ಎಫ್10 ಒತ್ತಿದ್ರೆ ಆ ಒಂದು ಬೂಟಿಗೆ ಮಾತ್ರ ಕರ್ನಲ್ಲಿನ ಡಿಸ್‌ಪ್ಲೇ ಡ್ರೈವರ್‌ಗಳು ಸುಮ್ನಿರ್ತವೆ. ಒಳಗೆ ಹೋಗಿ ರಿಪೇರಿ ಮಾಡೋಕೆ ಒಳ್ಳೇದು. ಪರ್ಮನೆಂಟಾಗಿ ಹಾಕಿಟ್ರೆ ನೂವೋ ಆಗ್ಲಿ ಇಂಟೆಲ್ ಆಗ್ಲಿ ಕೆಲಸ ಮಾಡಲ್ಲ, ವಿಡಿಯೋ ಬಿಡಿಸೋ ಭಾರ ಎಲ್ಲಾ ಪ್ರೊಸೆಸರ್ ಮೇಲೆ ಬಿದ್ದು ಫ್ಯಾನ್ ಕೂಗುತ್ತೆ, ಕೋಡಿ ತೂಕಡಿಸುತ್ತೆ.

ಈಗ ದಾರಿಗಳು. ಒಂದು, 470 ಡ್ರೈವರನ್ನೇ ರಿಪೇರಿ ಮಾಡೋದು. ಮೊದಲು ಅದೇ ಅಕ್ಷರದ ಲಾಗಿನ್ನಲ್ಲಿ ಸುಡೋ ಡಿಪಿಕೆಜಿ, ಸ್ಪೇಸ್, ಎರಡು ಹೈಫನ್ ಸೇರಿಸಿ ಕಾನ್ಫಿಗರ್, ಸ್ಪೇಸ್, ಹೈಫನ್ ಎ. ಅರ್ಧಕ್ಕೆ ನಿಂತ ಇನ್‌ಸ್ಟಾಲ್ ಅಲ್ಲಿಂದ ಮುಂದುವರಿಯುತ್ತೆ, ಎಷ್ಟೋ ಸಲ ಇಷ್ಟಕ್ಕೇ ಡ್ರೈವರೂ ಕಂಪೈಲ್ ಆಗಿ ಎಲ್ಲ ಸರಿಹೋಗುತ್ತೆ. ಆಗ್ಲಿಲ್ಲ ಅಂದ್ರೆ ಲಿನಕ್ಸ್ ಹೆಡರ್ಸ್ ಜೆನೆರಿಕ್ ಪ್ಯಾಕೇಜ್ ಹಾಕಿ, ಸುಡೋ ಡಿಕೆಎಂಎಸ್ ಆಟೋಇನ್‌ಸ್ಟಾಲ್ ಕೊಡಿ. ಕಂಪೈಲ್ ಆಗ್ತಾನೇ ಎರರ್ ಕೊಟ್ರೆ ಈ ಕರ್ನಲ್ 470ಕ್ಕೆ ತುಂಬಾ ಹೊಸದು ಅಂತ ಅರ್ಥ, ಹಳೇ ಕರ್ನಲ್ಲಲ್ಲೇ ಉಳೀಬೇಕು. ಅದರ ಅಪಾಯ ಏನಂದ್ರೆ ಕರ್ನಲ್ ಸೆಕ್ಯೂರಿಟಿ ಅಪ್‌ಡೇಟ್ ನಿಲ್ಲುತ್ತೆ, ಇಲ್ಲಾ ಮುಂದಿನ ಅಪ್‌ಡೇಟಿಗೆ ಮತ್ತೆ ಇದೇ ಗೀಟು. ಸೆಕ್ಯೂರ್ ಬೂಟ್ ಕಾರಣ ಆಗಿದ್ರೆ ಸೆಲ್ ಹಾಕಿ ಬಯೋಸಲ್ಲಿ ಅದನ್ನ ಆಫ್ ಮಾಡಿ. ಮನೇಲಿ ಹಾಡು ನೋಡೋ ಡಬ್ಬಕ್ಕೆ ಅಷ್ಟು ರಿಸ್ಕ್ ಪರವಾಗಿಲ್ಲ ಅನ್ನೋದು ನನ್ನ ಲೆಕ್ಕ, ಬ್ಯಾಂಕ್ ಕೆಲಸಾನೂ ಅದರಲ್ಲೇ ಮಾಡ್ತಾರೆ ಅಂದ್ರೆ ಆಫ್ ಮಾಡ್ದೆ ಡ್ರೈವರಿನ ಸಹಿಯ ಕೀ ಎನ್ರೋಲ್ (ನೋಂದಣಿ) ಮಾಡ್ಕೊಳ್ಳಿ. ಎನ್ರೋಲ್ ಮಾಡೋವಾಗ ರೀಬೂಟಲ್ಲಿ ಒಂದು ನೀಲಿ ಸ್ಕ್ರೀನ್ ಬಂದು 10 ಸೆಕೆಂಡ್ ಮಾತ್ರ ಕಾಯುತ್ತೆ, ಅಷ್ಟರಲ್ಲಿ ಕೀ ಒತ್ತದೇ ಇದ್ರೆ ತಾನೇ ಮುಂದಕ್ಕೆ ಹೋಗ್ಬಿಡುತ್ತೆ, ಅದನ್ನ ಫೋನಲ್ಲಿ ಮಾಡಿಸೋದು ಕಷ್ಟ, ನೀವೇ ಊರಿಗೆ ಹೋದಾಗ ಮಾಡಿ.

ಎರಡು, ನೂವೋ. ಮಿಂಟಿನ ಡ್ರೈವರ್ ಮ್ಯಾನೇಜರಲ್ಲಿ ಓಪನ್ ಸೋರ್ಸ್ ಅಂತಿರೋದನ್ನ ಆರಿಸಿದ್ರೆ ಆಯ್ತು, ಕರ್ನಲ್ ಜೊತೇನೇ ಬರೋದ್ರಿಂದ ಅಪ್‌ಡೇಟಿಗೆ ಮುರಿಯೋದು ಕಡಿಮೆ. ಆದ್ರೆ ಕಾರ್ಡ್ ತನ್ನ ಪೂರ್ತಿ ಸ್ಪೀಡಿಗೆ ತಾನಾಗಿ ಏರಲ್ಲ, ವಿಡಿಯೋ ಡಿಕೋಡಿಂಗಿಗೆ ಬೇರೆ ಫರ್ಮ್‌ವೇರ್ ಕಿತ್ತು ಹಾಕ್ಬೇಕು. ಟಿವಿ ನೋಡೋ ಮಿಷಿನ್ನಿಗೆ ನಾನು ಹೇಳಲ್ಲ.

ಮೂರನೇದು ನನ್ನ ಸಲಹೆ: ಆ ಕಾರ್ಡನ್ನ ಬಿಚ್ಚಿ ತೆಗೆದುಬಿಡಿ. ತಮಾಷೆ ಅಲ್ಲ ಕಣ್ರೀ. ನಿಮ್ಮ ಐ3 7100 ಒಳಗೇ ಇಂಟೆಲ್ ಎಚ್‌ಡಿ 630 ಗ್ರಾಫಿಕ್ಸ್ ಇದೆ, ವಿಡಿಯೋ ಕೆಲಸಕ್ಕೆ ಅದು ಜಿಟಿ 710ಗಿಂತ ಮುಂದಿದೆ. ಹೊಸ ಫೋನಿನ ವಿಡಿಯೋ ತಡವರಿಸುತ್ತೆ ಅಂದ್ರಲ್ಲ, ಈಗಿನ ಎಷ್ಟೋ ಫೋನುಗಳು ಎಚ್‌ಇವಿಸಿ ಅನ್ನೋ ಫಾರ್ಮ್ಯಾಟಲ್ಲಿ ರೆಕಾರ್ಡ್ ಮಾಡ್ತವೆ, ಜಿಟಿ 710 ಚಿಪ್ಪಲ್ಲಿ ಅದನ್ನ ಬಿಡಿಸೋ ವ್ಯವಸ್ಥೇನೇ ಇಲ್ಲ, ಅದಕ್ಕಿಂತ ಹಳೇ ಎಚ್.264 ಫಾರ್ಮ್ಯಾಟ್ ತನಕ ಅಷ್ಟೆ. ಎಚ್‌ಡಿ 630ರಲ್ಲಿ 10 ಬಿಟ್ ಎಚ್‌ಇವಿಸಿ ತನಕ ಹಾರ್ಡ್‌ವೇರಲ್ಲೇ ಆಗುತ್ತೆ. ಅಂದ್ರೆ ವಿಡಿಯೋ ಚೆನ್ನಾಗಿ ಓಡ್ಲಿ ಅಂತ ದುಡ್ಡು ಕೊಟ್ಟು ಹಾಕಿಸಿದ ಕಾರ್ಡೇ ಇಷ್ಟು ವರ್ಷ ವಿಡಿಯೋಗೆ ಅಡ್ಡ ಕೂತಿತ್ತು. ಇಂಟೆಲ್ ಡ್ರೈವರ್ ಕರ್ನಲ್ ಒಳಗೇ ಇರೋದ್ರಿಂದ ಡಿಕೆಎಂಎಸ್ಸೂ ಬೇಡ, ಕಂಪೈಲೂ ಬೇಡ, ಸೆಕ್ಯೂರ್ ಬೂಟ್ ಜಗಳಾನೂ ಇಲ್ಲ.

ಬಿಚ್ಚೋಕೆ ಮುಂಚೆ ಮದರ್‌ಬೋರ್ಡ್ ಹಿಂದ್ಗಡೆ ಯುಎಸ್‌ಬಿ ಪೋರ್ಟುಗಳ ಪಕ್ಕ ಎಚ್‌ಡಿಎಂಐ ಪೋರ್ಟ್ ಇದೆಯಾ ನೋಡಿ, ಕೆಲವು ಅಗ್ಗದ ಬೋರ್ಡಲ್ಲಿ ವಿಜಿಎ ಮಾತ್ರ ಇರುತ್ತೆ. ಇದ್ರೆ, ಹಳೇ ಕರ್ನಲ್ಲಲ್ಲಿ ಒಳಗೆ ಹೋಗಿ ಡ್ರೈವರ್ ಮ್ಯಾನೇಜರಲ್ಲಿ ಎನ್ವಿಡಿಯಾ ತೆಗೆಸಿ. ಇಟಿಸಿ ಒಳಗಿನ ಎಕ್ಸ್11 ಫೋಲ್ಡರಲ್ಲಿ ಎಕ್ಸ್‌ಆರ್ಗ್ ಡಾಟ್ ಕಾನ್ಫ್ ಅನ್ನೋ ಫೈಲ್ ಇದ್ರೆ ಅದರ ಹೆಸರು ಬದಲಾಯಿಸಿ, ಅದರಲ್ಲಿ ಎನ್ವಿಡಿಯಾ ಅಂತ ಬರೆದಿದ್ರೆ ಕಾರ್ಡ್ ತೆಗೆದ್ಮೇಲೂ ಅದನ್ನೇ ಹುಡುಕ್ಕೊಂಡು ನೋ ಸ್ಕ್ರೀನ್ಸ್ ಫೌಂಡ್ ಅಂತ ನಿಂತುಬಿಡುತ್ತೆ. ಆಮೇಲೆ ಶಟ್‌ಡೌನ್, ಪ್ಲಗ್ ಕಿತ್ತು ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು ಉಳಿದ ಚಾರ್ಜ್ ಬಿಡಿಸಿ. ಕಾರ್ಡಿನ ಸ್ಕ್ರೂ ಬಿಚ್ಚಿದ್ಮೇಲೆ ಸ್ಲಾಟಿನ ತುದೀಲಿ ಒಂದು ಪ್ಲಾಸ್ಟಿಕ್ ಕೊಂಡಿ ಇರುತ್ತೆ, ಅದನ್ನ ಒತ್ತದೇ ಎಳೆದ್ರೆ ಮುರಿಯೋದು ಅದೇ. ಮುಚ್ಚಳ ತೆಗೆದಿರುವಾಗ್ಲೇ ಸೆಲ್ಲೂ ಬದಲಾಯಿಸಿ, ಪ್ರೊಸೆಸರ್ ಫ್ಯಾನಿನ ಧೂಳೂ ಊದಿ. ಕೇಬಲ್ಲನ್ನ ಮದರ್‌ಬೋರ್ಡಿನ ಪೋರ್ಟಿಗೆ ಹಾಕಿ ಆನ್ ಮಾಡಿ. ಚಿತ್ರ ಬಂತು, ಸೌಂಡ್ ಬರ್ಲಿಲ್ಲ ಅಂದ್ರೆ ಹೆದರ್ಬೇಡಿ, ಕೋಡಿ ಇನ್ನೂ ಹಳೇ ಕಾರ್ಡಿನ ಎಚ್‌ಡಿಎಂಐಗೆ ಸೌಂಡ್ ಕಳಿಸೋಕೆ ನೋಡ್ತಿರುತ್ತೆ, ಸೆಟಿಂಗ್ಸಲ್ಲಿ ಆಡಿಯೋ ಔಟ್‌ಪುಟ್ ಡಿವೈಸ್ ಇಂಟೆಲ್ಲಿಗೆ ಬದಲಾಯಿಸಿ.

ಲಿಬ್ರೆಇಲೆಕ್ ಹಾಕಿ ಅಂತ ಯಾರಾದ್ರೂ ಹೇಳ್ಬೋದು, ಬರೀ ಕೋಡಿಗೆ ಅಂತಾನೇ ಮಾಡಿರೋ ಪುಟ್ಟ ಲಿನಕ್ಸ್ ಅದು, ಚೆನ್ನಾಗೇ ಇದೆ. ಆದ್ರೆ ಇನ್‌ಸ್ಟಾಲ್ ಮಾಡೋವಾಗ ಆರಿಸಿದ ಡಿಸ್ಕನ್ನ ಪೂರ್ತಿ ಒರೆಸುತ್ತೆ, ಅದರಲ್ಲಿ ಫೈರ್‌ಫಾಕ್ಸೂ ಇರಲ್ಲ, ನಿಮ್ಮಪ್ಪನ ಯೂಟ್ಯೂಬ್ ಅಭ್ಯಾಸಕ್ಕೆ ಅದು ಹೊಂದಲ್ಲ.

ಏನೇ ಮಾಡೋ ಮುಂಚೆ ಮದುವೆ ವಿಡಿಯೋದ ಇನ್ನೊಂದು ಕಾಪಿ ತೆಗೀರಿ. ಕಂಪ್ಯೂಟರ್ ಬೂಟೇ ಆಗ್ತಿಲ್ಲ ಅಂದ್ರೂ ತೆಗೀಬೋದು: ಮಿಂಟನ್ನ ಪೆನ್‌ಡ್ರೈವಿಗೆ ಬರೆದು ಅದರಿಂದ ಲೈವ್ ಆಗಿ ಶುರು ಮಾಡಿ, ಒಳಗಿನ ಡಿಸ್ಕ್ ಫೈಲ್ ಮ್ಯಾನೇಜರಲ್ಲಿ ಕಾಣುತ್ತೆ, ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡ್ಕೊಳ್ಳಿ. ಇನ್‌ಸ್ಟಾಲ್ ಅನ್ನೋ ಐಕಾನ್ ಡೆಸ್ಕ್‌ಟಾಪ್ ಮೇಲೇ ಇರುತ್ತೆ, ಅದನ್ನ ಮಾತ್ರ ಮುಟ್ಬೇಡಿ. ಮಿಂಟಿನ ಬ್ಯಾಕಪ್ ಪ್ರೋಗ್ರಾಮ್ ಟೈಮ್‌ಶಿಫ್ಟ್ ಆನ್ ಇದೆಯಲ್ಲ ಅಂತ ಧೈರ್ಯವಾಗಿರ್ಬೇಡಿ, ಅದು ಸಿಸ್ಟಮ್ ಫೈಲುಗಳನ್ನ ಹಿಂದಿನ ಸ್ಥಿತಿಗೆ ತರೋಕೆ ಸೊಗಸಾಗಿದೆ, ನಿಮ್ಮ ಹೋಮ್ ಫೋಲ್ಡರನ್ನ ಅದು ತಾನಾಗಿ ಸೇರಿಸ್ಕೊಳ್ಳಲ್ಲ.

ಕಾರ್ಡ್ ತೆಗೆದ್ಮೇಲೂ ಅದೇ ಗೀಟು ಬಂದ್ರೆ ಮೇಲೆ ಹೇಳಿದ ಹಾಗೆ ಎಫ್3 ಲಾಗಿನ್ನಿಗೆ ಹೋಗಿ ಎಲ್‌ಎಸ್‌ಪಿಸಿಐ, ಸ್ಪೇಸ್, ಹೈಫನ್ ಕೆ ಹೊಡೆದು, ವಿಜಿಎ ಅಂತಿರೋ ಸಾಲಿನ ಕೆಳಗೆ ಕರ್ನಲ್ ಡ್ರೈವರ್ ಇನ್ ಯೂಸ್ ಮುಂದೆ ಏನಿದೆ ನೋಡಿ. ಐ915 ಅಂತ ಇರ್ಬೇಕು. ಆ ಸಾಲೇ ಇಲ್ಲ ಅಂದ್ರೆ ಗ್ರಬ್ಬಲ್ಲಿ ನಿಮ್ಮ ಫ್ರೆಂಡ್ ಹೇಳಿದ ನೋಮೋಡ್‌ಸೆಟ್ಟನ್ನ ಯಾರಾದ್ರೂ ಆಗ್ಲೇ ಪರ್ಮನೆಂಟಾಗಿ ಸೇರಿಸಿದಾರಾ ಅಂತ ಮೊದಲು ವಿಚಾರಿಸಿ.